ಗುಬ್ಬಿ ಮ್ಯಾಟ್ ತಟ್ಟಿದ ದಿನ

ಆ ಭಾನುವಾರ ರಜೆ ಬೇಕೆಂದು ಡಿಪೋದ ಅರ್ಧಕ್ಕರ್ಧ ಜನ ಹಲ್ಲುನೋವು, ಬೆನ್ನುನೋವು, ನಾದಿನಿಯ ಮದುವೆ ಮಾತುಕತೆ ಎಂದು ನೆಪ ಹುಡುಕುತ್ತಿದ್ದರು. ತಾನಾಗಿ ಕಿಟಕಿಯ ಹತ್ತಿರ ಹೋಗಿ "ನನಗೆ ಡ್ಯೂಟಿ ಹಾಕಿ" ಎಂದು ಕೇಳಿದವಳು ಡ್ರೈವರಮ್ಮ ಒಬ್ಬಳೇ. ಕಂಟ್ರೋಲರ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳನ್ನೇ ನೋಡಿದರು.

"ನಿಮ್ಮ ಮಗಳ ಆಟ ಅವತ್ತೇ ಅಲ್ವೇನಮ್ಮ? ಮನೇಲಿ ಹಾಯಾಗಿ ಕೂತು ಟೀವಿ ನೋಡೋದು ಬಿಟ್ಟು..."

"ಅದಕ್ಕೇ ಸಾರ್ ಡ್ಯೂಟಿ ಕೇಳ್ತಿರೋದು. ಮನೇಲಿದ್ರೆ ನೋಡ್ಬೇಕಾಗತ್ತೆ."

ಮಗಳು ಜೂಡೊ ಆಡಲು ಶುರುಮಾಡಿ ಹತ್ತು ವರ್ಷದ ಮೇಲಾಗಿತ್ತು. ಡ್ರೈವರಮ್ಮ ಇಷ್ಟು ವರ್ಷದಲ್ಲಿ ಅವಳ ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು ಅದು. ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತೆಂದು ಗುಬ್ಬಿ ಎಂದು ಕರೆದರು. ಗುಬ್ಬಿ ಈಗ ಎಪ್ಪತ್ತು ಕೆ.ಜಿ. ವಿಭಾಗದ ಆಟಗಾರ್ತಿ, ಮನೆಯ ಬಾಗಿಲಲ್ಲಿ ಭುಜ ತಗಲಿಸಿಕೊಂಡು ಒಳಗೆ ಬರುವವಳು. ಆದರೂ ಯಾರಾದರೂ ಅವಳ ಅಂಗಿ ಹಿಡಿದು ಎತ್ತಿ ಒಗೆಯುತ್ತಾರೆಂದು ನೆನೆದರೆ ಸಾಕು, ತಾಯಿಗೆ ಕಾಣುತ್ತಿದ್ದದ್ದು ಆ ಗಾಜಿನ ಪೆಟ್ಟಿಗೆಯೇ.

ಅಪ್ಪನ ಪಾಡು ಬೇರೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುತ್ತಾ ಸದ್ದಿಲ್ಲದೆ ಕೂರುವ ಮನುಷ್ಯ, ಮಗಳ ಪಂದ್ಯವೆಂದರೆ ಸೋಫಾದ ಮೇಲೆ ಹತ್ತಿ ನಿಂತು ಕೂಗುತ್ತಿದ್ದ. ಓಣಿಯ ಹುಡುಗರಿಗೆಲ್ಲ ಮಣ್ಣು ಮುಕ್ಕಿಸುತ್ತಿದ್ದ ಮಗಳನ್ನು "ಹೊಡೆದಾಡೋದೇ ಆದ್ರೆ ಕಲಿತು ಹೊಡೆದಾಡಲಿ" ಎಂದು ತರಬೇತಿಗೆ ಸೇರಿಸಿದವನೂ ಅವನೇ.

ಎರಡು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಎದುರಾಳಿ ಗುಬ್ಬಿಯ ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಎಳೆದಿದ್ದಳು. ಅಂಥ ಪಟ್ಟಿಗೆ ಸಿಕ್ಕಿಬಿದ್ದವರು ಮ್ಯಾಟ್ ಮೇಲೆ ಎರಡು ಸಲ ತಟ್ಟಿದರೆ ಅಲ್ಲಿಗೆ ಮುಗಿಯಿತು. ಸೋತಂತೆ, ಆದರೆ ಬಿಡುಗಡೆ. ಗುಬ್ಬಿ ತಟ್ಟಲಿಲ್ಲ. ಮೊಣಕೈ ಕೀಲು ತಪ್ಪಿತು. ಆಮೇಲೆ ತಿಂಗಳುಗಟ್ಟಲೆ ತಾಯಿ ಅವಳ ತಲೆ ಬಾಚಿದಳು, ಗುಂಡಿ ಹಾಕಿದಳು, ತುತ್ತು ಮಾಡಿ ತಿನ್ನಿಸಿದಳು. ಒಂದು ದಿನ ತಡೆಯಲಾರದೆ ಕೇಳಿದಳು:

"ತಟ್ಟಿದ್ರೆ ಏನಾಗ್ತಿತ್ತೇ ನಿಂಗೆ? ಗಂಟು ಹೋಗ್ತಿತ್ತಾ?"

"ಮರ್ಯಾದೆ ಹೋಗ್ತಿತ್ತು."

"ಬ್ರೇಕ್ ಹಾಕಿದ್ರೆ ಮರ್ಯಾದೆ ಹೋಗತ್ತೆ ಅಂದ್ಕೊಳ್ಳೋ ಡ್ರೈವರ್‌ನ ನಾನು ಬಸ್ ಹತ್ತೋಕೂ ಬಿಡಲ್ಲ."

ಗುಬ್ಬಿ ಮುಖ ತಿರುಗಿಸಿಕೊಂಡಿದ್ದಳು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಆ ಗುಬ್ಬಿ ದೇಶದ ತಂಡದ ಜೊತೆ ಕಡಲಾಚೆ ಹೋಗಿದ್ದಳು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕ್ರೀಡಾಕೂಟ. ಹೋಗುವಾಗ ಬಾವುಟ, ಭಾಷಣ ಎಲ್ಲ ಭರ್ಜರಿಯಾಗಿತ್ತು. ಹೋದ ಮೇಲೆ ಒಂದೊಂದೇ ಸುದ್ದಿ ಬಂತು. ಈಜುವವರು ಮೊದಲ ಸುತ್ತಿನಲ್ಲೇ ಹೊರಬಿದ್ದರು. ಗುರಿ ಹೊಡೆಯುವವರು ಕೂದಲೆಳೆಯಲ್ಲಿ ತಪ್ಪಿದರು. ಎಲ್ಲರೂ ನಂಬಿಕೊಂಡಿದ್ದ ಓಟಗಾರನಿಗೆ ಓಟದ ಮಧ್ಯೆ ತೊಡೆಯ ಸ್ನಾಯು ಹಿಡಿದುಕೊಂಡಿತು. ದೋಣಿಯವರು ನಾಲ್ಕನೆಯವರಾದರು. ಗುಬ್ಬಿಯೂ ಒಂಟಿ ಪಂದ್ಯದಲ್ಲಿ ಎರಡನೇ ಸುತ್ತು ದಾಟಲಿಲ್ಲ. ಕೊನೆಯ ದಿನ ಬಂದರೂ ಪದಕಪಟ್ಟಿಯಲ್ಲಿ ದೇಶದ ಹೆಸರೇ ಇರಲಿಲ್ಲ. ನಮ್ಮ ಆಟಗಾರರು ಪದಕದ ಬದಲು ವಸತಿಗೃಹದ ಸೋಪು, ಶ್ಯಾಂಪೂ ಬಾಚಿಕೊಂಡು ವಿಮಾನ ಇಳಿಯುವ ವ್ಯಂಗ್ಯಚಿತ್ರ ಒಂದು ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಯಾರೋ ಡಿಪೋದ ಗೋಡೆಗೆ ಅಂಟಿಸಿದ್ದರು. ಡ್ರೈವರಮ್ಮ ಬರುವುದು ಕಂಡು ಇನ್ಯಾರೋ ಕಿತ್ತುಹಾಕಿದ್ದರು.

ಉಳಿದಿದ್ದದ್ದು ಜೂಡೊ ತಂಡದ ಪಂದ್ಯ ಒಂದೇ. ಮೂವರು ಹೆಂಗಸರು, ಮೂವರು ಗಂಡಸರು, ಒಬ್ಬೊಬ್ಬರಿಗೆ ಒಂದೊಂದು ಕುಸ್ತಿ. ನಾಲ್ಕು ಗೆದ್ದ ತಂಡಕ್ಕೆ ಜಯ. ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರದ ಈ ತಂಡ, ಒಂದು ಕಡೆ ಸೋತು ಇನ್ನೊಂದು ಕಡೆ ಗೆದ್ದು, ಹೇಗೋ ತೆವಳಿಕೊಂಡು ಕಂಚಿನ ಪದಕದ ಪಂದ್ಯದವರೆಗೆ ಬಂದು ನಿಂತಿತ್ತು.

ಅಂದು ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಡ್ರೈವರಮ್ಮ ತನ್ನ ಫೋನನ್ನು ಕಂಡಕ್ಟರ್ ಕೈಗೆ ಕೊಟ್ಟಳು. ಅವನಿಗೆ ನಿವೃತ್ತಿ ಹತ್ತಿರ ಬಂದಿತ್ತು. ಒಂದು ನಿಮಿಷ ಬಾಯಿ ಮುಚ್ಚಲಾರ ಎಂದು ಇಡೀ ಡಿಪೋ ಅವನನ್ನು ರೇಡಿಯೋ ಎಂದು ಕರೆಯುತ್ತಿತ್ತು.

"ಅಣ್ಣಾ, ಆಟದ ಸುದ್ದಿ ನನಗೆ ಹೇಳ್ಬೇಡ. ಗೆದ್ರೂ ಹೇಳ್ಬೇಡ, ಸೋತ್ರೂ ಹೇಳ್ಬೇಡ. ಅವಳು ನನ್ನ ಮಗಳು ಅಂತ ಬಸ್ಸಲ್ಲಿ ಯಾರಿಗೂ ಹೇಳ್ಬೇಡ."

"ನನ್ನ ಬಾಯಿಗೆ ಬೀಗ ತಂಗಿ," ಎಂದ ರೇಡಿಯೋ. "ಬೀಗದ ಕೈಯನ್ನ ಬಾವಿಗೆ ಹಾಕಿದೀನಿ ಅಂದ್ಕೋ."

ಆಸ್ಪತ್ರೆಯ ಸ್ಟಾಪಿನವರೆಗೆ ಎಲ್ಲ ಸರಿಯಾಗೇ ಇತ್ತು. ಅಲ್ಲಿ ಪಾಳಿ ಮುಗಿಸಿದ ನರ್ಸೊಬ್ಬಳು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು ಚಪ್ಪಲಿ ಬಿಚ್ಚಿ ಕಾಲು ಚಾಚಿದಳು. ಅವಳ ಹಿಂದೆಯೇ ಟೈ ಕಟ್ಟಿದ ಒಬ್ಬ ಹತ್ತಿದ. ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುವವನು. ಭಾನುವಾರ ಜನ ಮನೆಯಲ್ಲಿ ಸಿಗುತ್ತಾರೆಂದು ಅವನಿಗೆ ಅಂದೇ ಕೆಲಸ. ಫಿಲ್ಟರಿನ ಡಬ್ಬವನ್ನು ಮಡಿಲಲ್ಲಿಟ್ಟು, ಅದಕ್ಕೆ ಫೋನನ್ನು ಒರಗಿಸಿ, ಧ್ವನಿ ಜೋರಾಗಿ ಇಟ್ಟ. ಕಾಮೆಂಟರಿ ಬಸ್ಸಿಗೆಲ್ಲ ಕೇಳತೊಡಗಿತು.

"ಇವತ್ತೂ ಮಣ್ಣು ಮುಕ್ತಾರೆ ನೋಡಿ," ಎಂದ ಟೈ ಕಟ್ಟಿದವನು, ಯಾರನ್ನೂ ಉದ್ದೇಶಿಸದೆ. "ಬರಿಗೈಲಿ ಹೋದ್ರು, ಬರಿಗೈಲಿ ಬರ್ತಾರೆ. ಹೋಗಿ ಬರೋ ಖರ್ಚು ನಮ್ಮದು."

"ಶುರುವಾಗೋಕೆ ಮುಂಚೇನೇ ಶಕುನ ನುಡಿಬೇಡ್ರಿ," ಎಂದಳು ನರ್ಸು.

ರೇಡಿಯೋ ಅವನ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಸ್ವಾಮಿ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ?"

"ಯಾಕ್ರೀ? ದೇಶದ ಆಟ ರೀ!"

ಹಿಂದಿನ ಸೀಟುಗಳಿಂದ "ಇರ್ಲಿ ಬಿಡಿ ಕಂಡಕ್ಟ್ರೇ, ನಾವೂ ಕೇಳ್ತೀವಿ" ಎಂಬ ದನಿಗಳು ಬಂದವು. ರೇಡಿಯೋ ಸುಮ್ಮನಾದ. ಬೇರೆ ದಿನವಾದರೆ ಅವನೇ ಮುಂದೆ ನಿಂತು ಕಾಮೆಂಟರಿ ಮಾಡುತ್ತಿದ್ದ. ಇಂದು ಕೈಕಟ್ಟಿ ಕಂಬಕ್ಕೆ ಒರಗಿ ನಿಂತ. ಡ್ರೈವರಮ್ಮನಿಗೆ ಕಾಮೆಂಟರಿಗಿಂತ ಅವನ ಆ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವಳು ರಸ್ತೆ ನೋಡಿದಳು, ಕನ್ನಡಿ ನೋಡಿದಳು, ಗೇರು ಬದಲಿಸಿದಳು. ಹಿಂದೆ ಮೊದಲ ಕುಸ್ತಿ ನಮ್ಮವರದಾಯಿತು. ಬಸ್ಸಿನಲ್ಲಿ ಚಪ್ಪಾಳೆ. ಎರಡನೆಯದು ಹೋಯಿತು. ಮೂರನೆಯದೂ ಹೋಯಿತು. "ನಾನು ಹೇಳ್ಲಿಲ್ವಾ?" ಎಂದ ಟೈ ಕಟ್ಟಿದವನು, ಸೋತದ್ದರಲ್ಲೂ ತಾನು ಗೆದ್ದ ಖುಷಿಯಲ್ಲಿ. ನಾಲ್ಕನೆಯದರಲ್ಲಿ ನಮ್ಮ ಹುಡುಗನೊಬ್ಬ ಎದುರಾಳಿಯನ್ನು ಬಟ್ಟೆ ಒಗೆದಂತೆ ಎತ್ತಿ ಒಗೆದ. ಎರಡಕ್ಕೆ ಎರಡು ಸಮವಾಯಿತು. ಮಾರುಕಟ್ಟೆಯ ಹತ್ತಿರ ಇಳಿಯಬೇಕಾಗಿದ್ದ ಇಬ್ಬರು ಇಳಿಯಲಿಲ್ಲ.

"ಈಗ ಹೆಂಗಸರದು, ಎಪ್ಪತ್ತು ಕೆ.ಜಿ.," ಎಂದಿತು ಫೋನು.

ಸರಿಯಾಗಿ ಅದೇ ಹೊತ್ತಿಗೆ ಎದುರಿಗೆ ಕೆಂಪು ದೀಪ ಹೊಳೆಯಿತು, ರೈಲ್ವೆ ಗೇಟು ಮೆಲ್ಲಗೆ ಕೆಳಗಿಳಿಯಿತು. ಬಸ್ಸು ನಿಂತಿತು. ಕೈಕಾಲಿಗೆ ಕೆಲಸವಿರುವವರೆಗೆ ಡ್ರೈವರಮ್ಮ ಹೇಗೋ ತಡೆದುಕೊಂಡಿದ್ದಳು. ಈಗ ಎಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂರಬೇಕಾಯಿತು.

"ಇವಳು ಹೋದ ವಾರವೇ ಸೋತು ಕೂತವಳು," ಎಂದು ಟೈ ಕಟ್ಟಿದವನು ವಿವರಿಸಿದ. "ಎದುರಿಗಿರೋಳು ನೋಡಿ, ಒಳ್ಳೆ ತೆಂಗಿನ ಮರ ಇದ್ದಂಗಿದಾಳೆ. ಹಾ... ಹಿಡಿದಳು. ಬಿಟ್ಟಳು. ಮತ್ತೆ ಹಿಡಿದಳು. ಅಯ್ಯೋ, ನಮ್ಮವಳು ಬಿದ್ದಳು! ಇಲ್ಲ ಇಲ್ಲ, ಹೊಟ್ಟೆ ಮೇಲೆ ಬಿದ್ದಿದಾಳೆ, ಲೆಕ್ಕಕ್ಕಿಲ್ಲ. ಈಗ ಆ ಮರ ಇವಳ ಮೇಲೆ ಕೂತಿದೆ. ಕೈ ಹಿಡಿದಳು... ಕೈ ಎಳೀತಿದಾಳೆ ರೀ!"

"ಯಾವ ಕೈ?" ಎಂಬ ದನಿ ಕೇಳಿತು. ಅದು ತನ್ನದೇ ದನಿ ಎಂದು ಡ್ರೈವರಮ್ಮನಿಗೆ ಆಮೇಲೆ ಗೊತ್ತಾಯಿತು.

"ಬಲಗೈ."

ಅದೇ ಕೈ. ಅಷ್ಟರಲ್ಲಿ ರೈಲು ಬಂತು. ಕಲ್ಲಿದ್ದಲು ತುಂಬಿದ ಗೂಡ್ಸು, ಒಂದರ ಹಿಂದೆ ಒಂದು ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಬಸ್ಸಿನ ಗಾಜುಗಳೆಲ್ಲ ಗಡಗಡ ನಡುಗಿದವು. ಫೋನಿನ ದನಿ ಅದರಲ್ಲಿ ಮುಳುಗಿಹೋಯಿತು. ಕನ್ನಡಿಯಲ್ಲಿ ಅವಳಿಗೆ ಕಂಡದ್ದು ಬಾಗಿದ ತಲೆಗಳು, ತೆರೆದ ಬಾಯಿಗಳು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡಿತು. ರೇಡಿಯೋ ಕಣ್ಣು ಮುಚ್ಚಿ ನಿಂತದ್ದು ಕಂಡಿತು. ತಟ್ಟೇ, ತಟ್ಟೇ, ನಿನ್ನ ದಮ್ಮಯ್ಯ, ತಟ್ಟಿಬಿಡೇ ಎಂದು ಅವಳು ಆ ಸದ್ದಿನಲ್ಲಿ ಬಾಯಿಬಿಟ್ಟೇ ಹೇಳಿದಳು. ಯಾರಿಗೂ ಕೇಳಲಿಲ್ಲ.

ರೈಲಿನ ಕೊನೆಯ ಡಬ್ಬಿ ದಾಟಿತು.

"ಥತ್! ತಟ್ಟಿಬಿಟ್ಟಳು!" ಟೈ ಕಟ್ಟಿದವನು ಡಬ್ಬದ ಮೇಲೆ ಗುದ್ದಿದ. "ಇಷ್ಟು ಬೇಗ ತಟ್ಟಿಬಿಟ್ಟಳಲ್ರೀ! ಎರಡು ನಿಮಿಷ ತಡ್ಕೊಳ್ಳೋಕಾಗಲ್ವಾ? ದೇಶಕ್ಕೋಸ್ಕರ ಅಷ್ಟೂ ಆಗಲ್ವಾ?"

"ತಟ್ಟಿದಳಾ?" ಎಂದು ಡ್ರೈವರಮ್ಮ ತಿರುಗಿ ಕೇಳಿದಳು. "ನಿಜವಾಗ್ಲೂ ತಟ್ಟಿದಳಾ?"

"ಕಣ್ಣಾರೆ ನೋಡಿದೆ. ಟಪ ಟಪ ಅಂತ."

"ಕೈ?"

"ಕೈ ಏನಾಗತ್ತೆ? ನೆಟ್ಟಗೇ ಇದೆ. ಆಗ್ಲೇ ಎದ್ದು ನಿಂತು ಬೆಲ್ಟು ಸರಿಮಾಡ್ಕೋತಿದಾಳೆ."

ಡ್ರೈವರಮ್ಮ ಮುಂದಕ್ಕೆ ತಿರುಗಿ ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಹಣೆ ಹಾರ್ನ್ ಮೇಲೆಯೇ ಬಿತ್ತು. ಬಸ್ಸು ಪೋಂ ಎಂದು ಉದ್ದಕ್ಕೆ ಅರಚಿತು. ಗೇಟಿನವನು ತನಗೇ ಬೈದಂತೆ ತಿಳಿದು, "ತೆಗೀತಿದೀನಲ್ಲಮ್ಮ!" ಎಂದು ಗುಡಿಸಲಿನಿಂದ ಕೂಗಿದ. ಅವಳು ತಲೆ ಎತ್ತಿದಾಗ ನಗುತ್ತಿದ್ದಳು. ನಗು ತಡೆಯಲು ಹೋದರೆ ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಟೈ ಕಟ್ಟಿದವನಿಗೆ ರೇಗಿತು. "ಏನಮ್ಮ ನೀವು? ದೇಶ ಸೋತಿದೆ, ನಿಮಗೆ ನಗು ಬರ್ತಿದೆ! ಆ ಹೇಡಿ ತಟ್ಟಿ ಸೋತಳು ಅಂತ ಖುಷೀನಾ?"

ಬಾವಿಗೆ ಬಿದ್ದಿದ್ದ ಬೀಗದ ಕೈ ಆ ಕ್ಷಣ ರೇಡಿಯೋಗೆ ಸಿಕ್ಕಿಬಿಟ್ಟಿತು.

"ರೀ ಸ್ವಾಮಿ!" ಅವನ ದನಿಗೆ ಇಡೀ ಬಸ್ಸು ತಿರುಗಿತು. "ಸೀಟಲ್ಲಿ ಕೂತ್ಕೊಂಡು ಕುಸ್ತಿ ಹಿಡಿಯೋದು ಸುಲಭ. ಹೇಡಿ ಅಂತೆ! ಆ ಹುಡುಗಿಗೆ ಆ ಕೈ ಒಂದ್ಸಲ ಕಳಚಿ ಬಂದಿತ್ತು, ಗೊತ್ತಾ ನಿಮಗೆ? ತಿಂಗಳುಗಟ್ಟಲೆ ತುತ್ತು ಮಾಡಿ ತಿನ್ನಿಸಿದೋರು ಯಾರು ಗೊತ್ತಾ? ನಿಮ್ಮನ್ನ ಕೂರಿಸ್ಕೊಂಡು ಬಸ್ ಓಡಿಸ್ತಿದಾರಲ್ಲ, ಅವರು! ಅವರ ಮಗಳು ಕಣ್ರೀ ಅದು!"

ಫೋನು ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು. ಟೈ ಕಟ್ಟಿದವನು ಟೈ ಸಡಿಲಿಸಿಕೊಂಡ.

"ಅಣ್ಣಾ, ಬಿಡು," ಎಂದಳು ಡ್ರೈವರಮ್ಮ, ತೋಳಿನಲ್ಲಿ ಕಣ್ಣೊರೆಸಿಕೊಂಡು. "ಅವರಿಗೇನು ಗೊತ್ತು ಪಾಪ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಗೇಟು ತೆರೆದಿತ್ತು. ಅವಳು ಎಂಜಿನ್ ಶುರುಮಾಡಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗನ್ನಿಸಿತ್ತು ಅವಳಿಗೆ. ಹಳಿಗಳ ಮೇಲೆ ಬಸ್ಸು ಕುಲುಕಿದ್ದೂ ಹಿತವಾಗಿತ್ತು. ಪದಕ ಹೋದರೆ ಹೋಯಿತು, ಮಗಳು ತನ್ನ ಕೈಯಲ್ಲೇ ತಲೆ ಬಾಚಿಕೊಳ್ಳುತ್ತಾಳೆ, ಸಾಕು.

ಆದರೆ ಪದಕ ಇನ್ನೂ ಹೋಗಿರಲಿಲ್ಲ. ಎರಡಕ್ಕೆ ಮೂರು ಆಗಿತ್ತು, ಒಂದು ಕುಸ್ತಿ ಬಾಕಿ ಇತ್ತು. ನಮ್ಮ ತಂಡದ ಕೊನೆಯವನನ್ನು ಜೊತೆಯವರು ಬೀರು ಎನ್ನುತ್ತಿದ್ದರು, ಕಾಮೆಂಟರಿಯವನೂ ಹಾಗೇ ಕರೆದ. ಅಷ್ಟಗಲ, ಅಷ್ಟೇ ಎತ್ತರ, ನಿಲ್ಲಿಸಿದಲ್ಲಿ ನಿಲ್ಲುವವನು. ಟೈ ಕಟ್ಟಿದವನು ಈಗ ಕಾಮೆಂಟರಿ ಮಾಡುವ ಧೈರ್ಯ ಕಳೆದುಕೊಂಡಿದ್ದ. ನರ್ಸು ಅವನ ಕೈಯಿಂದ ಫೋನು ತೆಗೆದುಕೊಂಡು ತಾನೇ ಹೇಳತೊಡಗಿದಳು.

"ಅಕ್ಕಾ, ನೀವು ರಸ್ತೆ ನೋಡಿ, ನಾನು ಹೇಳ್ತೀನಿ. ಬೀರು ತಳ್ತಿದಾನೆ. ಆ ಕಡೆಯವನೂ ತಳ್ತಿದಾನೆ. ಇಬ್ಬರೂ ಸಾಮಾನು ಸಾಗಿಸೋರ ಹಂಗೆ ತಳ್ಳಾಡ್ತಿದಾರೆ. ಹಾ... ಹಾ... ಬಿದ್ದ! ಆ ಕಡೆಯವನು ಕೆಳಗೆ, ಬೀರು ಮೇಲೆ! ಇನ್ನೆಲ್ಲಿ ಏಳ್ತಾನೆ ಅವನು!"

ಏಳಲಿಲ್ಲ. ಮೂರಕ್ಕೆ ಮೂರು. ಬಸ್ಸು ಕೊನೆಯ ನಿಲ್ದಾಣಕ್ಕೆ ಬಂದು ನಿಂತಾಗ ಒಳಗಿದ್ದವರೆಲ್ಲ ಎದ್ದು ಕುಣಿಯುತ್ತಿದ್ದರು. ಬಾಗಿಲು ತೆರೆಯಿತು. ಒಬ್ಬರೂ ಇಳಿಯಲಿಲ್ಲ.

"ಸಮ ಆದ್ರೆ ಈಗೇನ್ ಮಾಡ್ತಾರೆ?" ಎಂದು ಯಾರೋ ಕೇಳಿದರು.

"ಚೀಟಿ ಎತ್ತಿದಂಗೆ," ಎಂದ ಟೈ ಕಟ್ಟಿದವನು ತಗ್ಗಿದ ದನಿಯಲ್ಲಿ. "ಆರು ವಿಭಾಗದಲ್ಲಿ ಒಂದನ್ನ ಕಂಪ್ಯೂಟರ್ ಆರಿಸತ್ತೆ. ಆ ಇಬ್ಬರು ಇನ್ನೊಂದ್ಸಲ ಆಡ್ಬೇಕು. ಮೊದಲು ಅಂಕ ತಗೊಂಡೋರಿಗೆ ಪದಕ."

ಡ್ರೈವರಮ್ಮ ಇಳಿದು ಹೋಗಬೇಕೆಂದಿದ್ದಳು. ನಿಲ್ದಾಣದ ಆ ತುದಿಯಲ್ಲಿ ನಲ್ಲಿ ಇತ್ತು, ಮುಖ ತೊಳೆದುಕೊಂಡು ಎಲ್ಲ ಮುಗಿದ ಮೇಲೆ ಬರಬಹುದಿತ್ತು. ಆದರೆ ಸೀಟು ಬಿಟ್ಟು ಏಳಲಿಲ್ಲ. ಗುಬ್ಬಿಯದು ಬೇಡ, ಬೀರುವಿನದೇ ಬರಲಿ, ಅವನನ್ನು ಯಾರು ಅಲುಗಾಡಿಸುತ್ತಾರೆ ಎಂದುಕೊಂಡಳು. ಮರುಗಳಿಗೆಯೇ, ಬೀರುವನ್ನೂ ಒಬ್ಬಳು ಹೆತ್ತಿದ್ದಾಳೆ, ಅವಳೂ ಎಲ್ಲೋ ಹೀಗೇ ಹಲ್ಲುಕಚ್ಚಿ ಕೂತಿರುತ್ತಾಳೆ ಎಂದು ನಾಚಿಕೆಯಾಯಿತು. ಯಾರದನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಪರದೆಯ ಮೇಲೆ ಹೆಸರುಗಳು ಗರಗರ ತಿರುಗಿ ನಿಂತವು.

ನರ್ಸು ಮೆಲ್ಲಗೆ ಹೇಳಿದಳು: "ಅಕ್ಕಾ, ಎಪ್ಪತ್ತು ಕೆ.ಜಿ. ನಿಮ್ಮ ಮಗಳದ್ದೇ."

ರೇಡಿಯೋ ಎರಡು ಹೆಜ್ಜೆಯಲ್ಲಿ ಮುಂದೆ ಬಂದ. "ತಂಗಿ, ಬೇಕಾದ್ರೆ ಕೆಳಗೆ ಇಳಿ. ನಾನು ಜೊತೇಲಿ ಬರ್ತೀನಿ."

ಅವಳು ಎದ್ದಳು. ಡ್ರೈವರ್ ಸೀಟಿನ ಪಕ್ಕದ ಚಿಕ್ಕ ಬಾಗಿಲು ಸರಿಸಿದಳು. ಇಳಿಯುವ ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಯಾಕೋ ಈ ಕಡೆ ತಿರುಗಿ, ನರ್ಸಿನ ಪಕ್ಕದಲ್ಲಿ ಬಂದು ಕುಳಿತಳು.

"ಕೊಡಮ್ಮ ಇಲ್ಲಿ. ನೋಡ್ತೀನಿ."

ಚಿಕ್ಕ ಪರದೆಯಲ್ಲಿ ಬಿಳಿ ಅಂಗಿಯ ಗುಬ್ಬಿ ನಿಂತಿದ್ದಳು. ಎದುರಿಗೆ ನೀಲಿ ಅಂಗಿಯ ಆ ಉದ್ದನೆಯ ಹುಡುಗಿ. ತಾಯಿ ಮೊದಲು ನೋಡಿದ್ದು ಬಲಗೈಯನ್ನು. ಅದು ಮಡಚಿತು, ಬಿಚ್ಚಿತು, ಕಿವಿಯ ಹಿಂದೆ ಕೂದಲು ಸಿಕ್ಕಿಸಿತು. ಆಮೇಲೆ ಮುಖ ನೋಡಿದಳು. ಹೆದರಿದ ಮುಖವಲ್ಲ ಅದು. ಮನೆಯಲ್ಲಿ ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯುವಾಗ ಗುಬ್ಬಿಯ ಮುಖ ಇರುತ್ತಿದ್ದದ್ದು ಹೀಗೆಯೇ.

ಇಬ್ಬರೂ ತಲೆಬಾಗಿಸಿ ಶುರುಮಾಡಿದರು. ಅಂಗಿಯ ಕಾಲರಿಗೆ ಕೈ ಹಾಕುವುದು, ಕೊಡವುವುದು, ಮತ್ತೆ ಹಾಕುವುದು. ಇಷ್ಟು ವರ್ಷ ಡ್ರೈವರಮ್ಮ ಕಲ್ಪಿಸಿಕೊಂಡಿದ್ದ ಘೋರ ಏನೂ ಅಲ್ಲಿರಲಿಲ್ಲ. ಇಬ್ಬರು ಗಟ್ಟಿಗಿತ್ತಿಯರು ಹಟ ಹಿಡಿದು ಸೆಣಸುತ್ತಿದ್ದರು, ಅಷ್ಟೆ. ನೀಲಿ ಹುಡುಗಿ ಹಿಂದೆ ಹಿಂದೆ ಸರಿಯುತ್ತಾ ಹಿಡಿತ ತಪ್ಪಿಸುತ್ತಿದ್ದಳು. ರೆಫರಿ ಒಮ್ಮೆ ನಿಲ್ಲಿಸಿ ಅವಳತ್ತ ಬೆರಳು ಮಾಡಿದ. ಸ್ವಲ್ಪ ಹೊತ್ತಿಗೆ ಅವಳು ಗೆರೆ ದಾಟಿ ಹೊರಗೆ ಕಾಲಿಟ್ಟಾಗ ಮತ್ತೊಮ್ಮೆ ಬೆರಳು ಮಾಡಿದ.

"ಏನದು?" ಎಂದಳು ಡ್ರೈವರಮ್ಮ.

"ಎಚ್ಚರಿಕೆ ಇರ್ಬೇಕು," ಎಂದ ಟೈ ಕಟ್ಟಿದವನು. "ಸುಳ್ಳು ಯಾಕೆ ಹೇಳ್ಲಿ, ನನಗೂ ಸರಿಯಾಗಿ ಗೊತ್ತಿಲ್ಲಮ್ಮ. ಇಷ್ಟು ಹೊತ್ತೂ ಬಾಯಿಗೆ ಬಂದಿದ್ದು ಹೇಳ್ತಿದ್ದೆ."

ಆಗ ನೀಲಿ ಹುಡುಗಿ ಸರ್ರನೆ ನುಗ್ಗಿ ಗುಬ್ಬಿಯನ್ನು ಕೆಡವಿದಳು. ಗುಬ್ಬಿ ಗಾಳಿಯಲ್ಲೇ ತಿರುಗಿ ಹೊಟ್ಟೆಯ ಮೇಲೆ ಬಿದ್ದಳು. ಅಂಕ ಇಲ್ಲ. ಆದರೆ ಆ ಹುಡುಗಿ ಬಿಡದೆ ಬೆನ್ನ ಮೇಲೆ ಕೂತು ಬಲಗೈಗೆ ಕೈ ಹಾಕಿದಳು. ಅದೇ ಕೈ, ಅದೇ ಪಟ್ಟು. ನರ್ಸು ಡ್ರೈವರಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ತಟ್ಟು!" ಎಂದು ಯಾರೋ ಕಿರುಚಿದರು. "ತಟ್ಟು ನಮ್ಮವ್ವಾ, ತಟ್ಟು! ಪದಕ ಹಾಳಾಗ್ಲಿ, ಕೈ ಬೇಕು!"

ಕಿರುಚಿದ್ದು ಟೈ ಕಟ್ಟಿದವನು. ಸೀಟಿನಿಂದ ಅರ್ಧ ಎದ್ದಿದ್ದ, ಫಿಲ್ಟರಿನ ಡಬ್ಬ ಉರುಳಿ ಬಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ.

ಗುಬ್ಬಿ ಈ ಸಲ ತಟ್ಟಲಿಲ್ಲ. ತಟ್ಟುವ ಅಗತ್ಯ ಬೀಳಲಿಲ್ಲ. ಎರಡೂ ಮೊಣಕೈಗಳನ್ನು ಎದೆಗೆ ಅವಚಿ, ಆಮೆಯಂತೆ ಮುದುಡಿ ಕೂತಳು. ನೀಲಿ ಹುಡುಗಿ ಎಳೆದಳು, ಜಗ್ಗಿದಳು, ಸುತ್ತು ಬಂದಳು, ಕೈ ಸಿಗಲಿಲ್ಲ. ರೆಫರಿ ಇಬ್ಬರನ್ನೂ ಎಬ್ಬಿಸಿದ. ಬಸ್ಸು ತುಂಬ ಜನ ಹಿಡಿದಿದ್ದ ಉಸಿರು ಒಟ್ಟಿಗೇ ಹೊರಬಂತು.

ಎದ್ದ ಮೇಲೆ ಆ ಹುಡುಗಿಗೆ ದಣಿವಾಗಿತ್ತು. ಕುಗ್ಗಿದ ಕಾಲಿನಲ್ಲಿ ಸುಮ್ಮನೆ ತೋರಿಕೆಗೆ ಒಂದು ಸಲ ನುಗ್ಗಿದಂತೆ ಮಾಡಿ ಮಂಡಿಯೂರಿದಳು. ರೆಫರಿ ನಿಲ್ಲಿಸಿದ. ಕಿವಿಯಲ್ಲಿ ಸಿಕ್ಕಿಸಿದ್ದ ಯಂತ್ರಕ್ಕೆ ಬೆರಳು ಒತ್ತಿ ಏನೋ ಕೇಳಿಸಿಕೊಂಡ. ನೀಲಿ ಹುಡುಗಿಯತ್ತ ಮೂರನೆಯ ಸಲ ಬೆರಳು ಮಾಡಿದ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ರೆಫರಿಯ ಕೈ ಗುಬ್ಬಿಯ ಕಡೆಗೆ ಮೇಲೆದ್ದಿತು.

ಬಸ್ಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ.

"ಏನಾಯ್ತು?"

"ಬಿದ್ದಿದ್ದು ಯಾರು?"

"ಯಾರೂ ಬೀಳ್ಲಿಲ್ವಲ್ಲ!"

ಕಾಮೆಂಟರಿಯವನು ಕೂಗಿ ಕೂಗಿ ಹೇಳಿದ ಮೇಲೆ ತಿಳಿಯಿತು. ಮೂರು ಎಚ್ಚರಿಕೆಯಾದರೆ ಆಟದಿಂದ ಹೊರಕ್ಕೆ. ಎದುರಾಳಿ ಹೊರಗಾದಳು. ಗುಬ್ಬಿ ಗೆದ್ದಳು. ಕಂಚು ನಮ್ಮದು. ಇಡೀ ಕೂಟದಲ್ಲಿ ದೇಶಕ್ಕೆ ಸಿಕ್ಕ ಒಂದೇ ಒಂದು ಪದಕ.

"ಇಷ್ಟೇನಾ?" ಎಂದಳು ಡ್ರೈವರಮ್ಮ.

"ಇಷ್ಟೇ ಅಕ್ಕಾ!" ನರ್ಸು ಅವಳ ಭುಜ ಹಿಡಿದು ಅಲುಗಾಡಿಸಿದಳು. "ಗೆದ್ರು! ನಿಮ್ಮ ಮಗಳು ಗೆದ್ದಳು!"

"ಯಾರಿಗೂ ಏನೂ ಆಗ್ಲಿಲ್ಲ ಅಲ್ವಾ? ಆ ಹುಡುಗಿಗೂ?"

"ಏನೂ ಆಗ್ಲಿಲ್ಲ. ನೋಡಿ, ಇಬ್ಬರೂ ತಬ್ಕೊಂಡಿದಾರೆ."

ಪರದೆಯಲ್ಲಿ ಬೀರು ಓಡಿಬಂದು ಗುಬ್ಬಿಯನ್ನು ಎತ್ತಿಕೊಂಡ. ನಿಜಕ್ಕೂ ಗುಬ್ಬಿಯಂತೆಯೇ ಕಂಡಳು ಅವಳು, ಅವನ ಹೆಗಲ ಮೇಲೆ. ಬಸ್ಸಿನಲ್ಲಿ ಯಾರು ಯಾರನ್ನು ತಬ್ಬುತ್ತಿದ್ದಾರೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ರೇಡಿಯೋ ಸೀಟಿಯನ್ನು ಬಾಯಲ್ಲಿಟ್ಟು ಊದುತ್ತಲೇ ಇದ್ದ. ಮುಂದಿನ ಬಸ್ಸಿನ ಡ್ರೈವರು ಜಗಳವಾಗಿದೆಯೆಂದು ತಿಳಿದು ಓಡಿಬಂದು, ವಿಷಯ ಕೇಳಿ, ತಾನೂ ಹೋಗಿ ಹಾರ್ನ್ ಹೊಡೆದ. ಅವನದು ಕೇಳಿ ಅದರ ಮುಂದಿನದು, ಅದರ ಮುಂದಿನದು. ಇಡೀ ನಿಲ್ದಾಣವೇ ಊಳಿಟ್ಟಿತು.

ಟೈ ಕಟ್ಟಿದವನು ಎಲ್ಲರೂ ಇಳಿಯುವವರೆಗೆ ಕಾದು, ಡಬ್ಬ ಎತ್ತಿಕೊಂಡು ಮುಂದೆ ಬಂದ.

"ಅಮ್ಮಾ, ಬಾಯಿ ತಪ್ಪಿ ಏನೇನೋ ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

"ಕೊನೇಲಿ ಅಂದ್ರಲ್ಲ, ಕೈ ಬೇಕು ಅಂತ. ಅದೊಂದೇ ಇಟ್ಕೊಂಡಿದೀನಿ," ಎಂದಳು ಡ್ರೈವರಮ್ಮ. ಅವನು ಹಲ್ಲು ಬಿಟ್ಟು ಇಳಿದುಹೋದ.

ವಾಪಸು ಹೊರಡುವ ಹೊತ್ತು ಮೀರಿತ್ತು. ನಿಲ್ದಾಣದ ಕಂಟ್ರೋಲರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೇಟು ಅಂತ ಬರೀಬೇಕಾಗಿತ್ತು, ಪೆನ್ನು ಸಿಗ್ತಿಲ್ಲ" ಎಂದರು. ಪೆನ್ನು ಅವರ ಕಿವಿಯ ಮೇಲೆಯೇ ಇತ್ತು.

ಅಷ್ಟರಲ್ಲಿ ರೇಡಿಯೋ ಜೇಬಿನಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಅವನು ಓಡಿಬಂದು ಕೈಗೆ ಕೊಟ್ಟ. ಆ ಕಡೆ ಗದ್ದಲವೋ ಗದ್ದಲ.

"ಅಮ್ಮಾ! ಅಪ್ಪ ಫೋನ್ ಎತ್ತಿದ್ರು, ಆದ್ರೆ ಮಾತೇ ಬರ್ತಿಲ್ಲ ಅವರಿಗೆ. ಬರೀ ಗಾಳಿ ಬರ್ತಿದೆ. ಕೂಗಿ ಕೂಗಿ ಗಂಟಲು ಹೋಗಿದೆ ಅನ್ಸತ್ತೆ."

"ಹೋಗ್ಲಿ ಬಿಡು, ಬರತ್ತೆ. ಕೈ ಹೆಂಗಿದೆ?"

"ಚೆನ್ನಾಗಿದೆ. ಸ್ವಲ್ಪ ಐಸ್ ಇಟ್ಟಿದಾರೆ. ನಿಂಗ್ಯಾರು ಹೇಳಿದ್ರು ಕೈ ವಿಷ್ಯ?"

"ಯಾರೂ ಹೇಳ್ಲಿಲ್ಲ. ನೋಡಿದೆ."

"ನೀನು ನೋಡಿದ್ಯಾ? ನೀನಾ?"

"ಕೊನೇದು ನೋಡಿದೆ. ಅದರ ಹಿಂದಿನದು ಕೇಳಿಸ್ಕೊಂಡೆ." ಡ್ರೈವರಮ್ಮ ಕೇಳಿದಳು: "ನಾನು ಅವತ್ತು ಹೇಳಿದ್ದಕ್ಕೆ ತಟ್ಟಿದ್ಯೇನೆ?"

ಗುಬ್ಬಿ ನಕ್ಕಳು. "ಇಲ್ಲಮ್ಮಾ. ನೀನು ಹೇಳಿದ್ದು ಆಗ ಎಲ್ಲಿ ನೆನಪಿರತ್ತೆ? ನೋವಾಯ್ತು, ತಟ್ಟಿದೆ."

ಈ ಉತ್ತರವನ್ನು ಡ್ರೈವರಮ್ಮ ನಿರೀಕ್ಷಿಸಿರಲಿಲ್ಲ. ಕೊಂಚ ನಿರಾಸೆಯೂ ಆಯಿತು. ಆಮೇಲೆ ನಿಧಾನವಾಗಿ, ಕುದಿಯುವ ಎಂಜಿನ್ ತಣಿಯುವಂತೆ, ಒಳಗೆಲ್ಲ ಹಗುರಾಯಿತು. ತನ್ನ ಮಾತಿಗೆ ತಟ್ಟಿದ್ದರೆ ಇನ್ನೊಂದು ದಿನ ಮಾತು ಮರೆತಾಳೆಂಬ ಭಯ ಉಳಿಯುತ್ತಿತ್ತು. ನೋವಾದಾಗ ತಟ್ಟುವುದನ್ನು ಹುಡುಗಿ ತಾನಾಗಿ ಕಲಿತಿದ್ದಳು. ಇನ್ನು ಅವಳ ಹಿಂದೆ ಕಾವಲು ಹೋಗುವ ಕೆಲಸ ತನಗಿಲ್ಲ.

"ಏನಾದ್ರೂ ತಿಂದ್ಯಾ?"

"ಅಮ್ಮಾ, ಪದಕ ಕೊಡೋಕೆ ಕರೀತಿದಾರೆ!"

"ಕೊಡ್ಲಿ, ಯಾರು ಬೇಡ ಅಂದ್ರು? ಇಸ್ಕೊಂಡು ಮೊದಲು ತಿನ್ನು."

ವಾಪಸು ದಾರಿಯಲ್ಲಿ ರೇಡಿಯೋ ಒಂದು ನಿಮಿಷವೂ ಸುಮ್ಮನಿರಲಿಲ್ಲ. ಹತ್ತಿದವರಿಗೆಲ್ಲ ಮೊದಲಿಂದ ಕಡೆಯವರೆಗೆ ಕಥೆ ಹೇಳಿದ. ಮೂರನೇ ಸ್ಟಾಪಿನ ಹೊತ್ತಿಗೆ ಆ ನೀಲಿ ಹುಡುಗಿ ಎರಡಾಳು ಎತ್ತರವಾಗಿದ್ದಳು. ಡ್ರೈವರಮ್ಮ ತಡೆಯಲಿಲ್ಲ. ಅವನ ದನಿ ಕೇಳುತ್ತಿದ್ದರೆ ಎಲ್ಲವೂ ಸರಿಯಿದೆ ಎನ್ನಿಸುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ತುಕ್ಕು ಹಿಡಿದ ಬಾಗಿಲಿನಂತೆ ಒಂದು ಕೀರಲು ಸದ್ದು ಬಂತು.

"ಮಾತಾಡ್ಬೇಡಿ ರೀ, ಬಿಸಿನೀರು ಕುಡೀರಿ," ಎಂದಳು. "ನಾನೂ ನೋಡಿದೆ."

ಅವನು ಕಣ್ಣರಳಿಸಿ ಅವಳನ್ನೇ ನೋಡಿದ. ಆಮೇಲೆ ಅವಳ ಕೈಚೀಲ ತೆಗೆದುಕೊಂಡು ಒಳಗಿಟ್ಟ. ಅವನು ನೀರು ಕಾಯಿಸಿ ತರುವಷ್ಟರಲ್ಲಿ ಅವಳು ಯೂನಿಫಾರ್ಮ್ ಕೂಡ ಬಿಚ್ಚದೆ ಸೋಫಾದ ಮೇಲೆ ಮಲಗಿಬಿಟ್ಟಿದ್ದಳು. ಗುಬ್ಬಿ ಹೋದಾಗಿನಿಂದ ರಾತ್ರಿಯಿಡೀ ಮಗ್ಗುಲು ಬದಲಿಸುತ್ತಿದ್ದವಳು ಈಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅವನು ಅವಳ ಶೂ ಬಿಚ್ಚಿದ, ಕಿಟಕಿಯ ಪರದೆ ಎಳೆದ.

ಫೋನು ಮತ್ತೆ ಮತ್ತೆ ಬಡಿಯುತ್ತಿತ್ತು. ಪತ್ರಿಕೆಯವರು, ಟೀವಿಯವರು, ಎಂದೋ ಮರೆತುಹೋಗಿದ್ದ ನೆಂಟರು. ಗೆದ್ದವಳ ತಾಯಿಯ ಜೊತೆ ಮಾತಾಡಬೇಕಂತೆ. ಅವನು ಅಡುಗೆಮನೆಯ ಮೂಲೆಗೆ ಹೋಗಿ, ಇದ್ದ ಅಷ್ಟಿಷ್ಟು ದನಿಯನ್ನೆಲ್ಲ ಒಟ್ಟುಮಾಡಿ, ಪ್ರತಿಯೊಬ್ಬರಿಗೂ ಅದೊಂದೇ ಮಾತು ಹೇಳಿದ:

"ಮಲಗಿದಾಳೆ. ನಾಳೆ ಮಾಡಿ."